ಗುಣಿಸಲು ಮರೆತ ಎರಡು

ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ವೈವಾಕ್ಕೆ ಎಕ್ಸ್‌ಟರ್ನಲ್ ಆಗಿ, ಅಂದರೆ ಹೊರಗಿನ ಪರೀಕ್ಷಕಿಯಾಗಿ, ಹೋದಾಗ ನಾನು ರಿಪೋರ್ಟನ್ನು ಮೊದಲ ಪುಟದಿಂದ ಓದುವುದಿಲ್ಲ. ಫಲಿತಾಂಶದ ಕೋಷ್ಟಕ ತೆರೆದು ಒಂದು ಸಂಖ್ಯೆ ಹಿಡಿಯುತ್ತೇನೆ. ಅದೇ ಸಂಖ್ಯೆ ಸಾರಾಂಶದಲ್ಲೂ ಕೊನೆಯ ಅಧ್ಯಾಯದಲ್ಲೂ ಹಾಗೇ ಇದೆಯೇ ಎಂದು ಹುಡುಕುತ್ತೇನೆ. ಎಷ್ಟೋ ಸಲ ಇರುವುದಿಲ್ಲ.

ನಾಲ್ಕು ಜನರ ಬ್ಯಾಚು ಅಧ್ಯಾಯಗಳನ್ನು ಪಾಲು ಹಾಕಿಕೊಂಡಿರುತ್ತದೆ. ಬೈಂಡಿಂಗ್‌ಗೆ ಕೊಡುವ ಹಿಂದಿನ ರಾತ್ರಿ ನಾಲ್ಕು ಫೈಲುಗಳು ಒಂದಾಗುತ್ತವೆ. ಅಳತೆಯ ಮಾನ ಒಂದು ಕಡೆ ಪಿಪಿಎಂ (ಹತ್ತು ಲಕ್ಷಕ್ಕೆ ಎಷ್ಟು ಭಾಗ), ಇನ್ನೊಂದು ಕಡೆ ಲೀಟರಿಗೆ ಮಿಲಿಗ್ರಾಂ. ಅಷ್ಟೇ ಆದರೆ ತಿದ್ದಬಹುದು.

ಕೆಲವು ವರ್ಷಗಳ ಹಿಂದೆ ಪಾವಗಡ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಳೆದ ಬ್ಯಾಚೊಂದು ನನ್ನೆದುರು ಕೂತಿತ್ತು. ಮಕ್ಕಳು ನಿಜಕ್ಕೂ ದುಡಿದಿದ್ದರು. ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ ಎಂಬುದನ್ನು ಅರಿತು ಮಾದರಿಗಳನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ತಂದಿದ್ದರು. ಅವರು ಬಳಸಿದ್ದು ಸ್ಪ್ಯಾಡ್ನ್ಸ್ ವಿಧಾನ, ಅಂದರೆ ಬಣ್ಣ ಎಷ್ಟು ತಿಳಿಯಾಯಿತು ಎಂಬುದರಿಂದ ಫ್ಲೋರೈಡ್ ಅಳೆಯುವುದು. ಅದು ಲೀಟರಿಗೆ ಸುಮಾರು 1.4 ಮಿಲಿಗ್ರಾಂವರೆಗೆ ಮಾತ್ರ ಸರಿಯಾಗಿ ತೋರಿಸುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಮಾದರಿಗೆ ಡಿಸ್ಟಿಲ್ಡ್ ವಾಟರ್ ಬೆರೆಸಿ ಅಳೆದು, ಬಂದದ್ದನ್ನು ಅಷ್ಟು ಪಟ್ಟು ಗುಣಿಸಬೇಕು. ಕೋಷ್ಟಕದಲ್ಲಿ ಒಂದು ಬಾವಿಯ ಎದುರು 0.9 ಎಂದಿತ್ತು, ಕೆಳಗೆ ‘ಕುಡಿಯಲು ಯೋಗ್ಯ’ ಎಂಬ ಷರಾ. ಅಕ್ಕಪಕ್ಕದ ಬಾವಿಗಳೆಲ್ಲ ಮಿತಿ ಮೀರಿರುವಾಗ ಇದೊಂದು ಹೇಗೆ ಎಂದು ಕೇಳಿದೆ. ಲ್ಯಾಬಿನಲ್ಲಿ ಕೂತಿದ್ದ ಹುಡುಗಿ ತನ್ನ ನೋಟ್‌ಬುಕ್ ತಿರುವಿ, “ಮೇಡಂ, ಇದು ಡೈಲ್ಯೂಟ್ ಮಾಡಿದ್ದು. ಎರಡರಿಂದ ಗುಣಿಸಬೇಕಿತ್ತು” ಎಂದಳು. ಫಲಿತಾಂಶದ ಅಧ್ಯಾಯ ಬರೆದ ಹುಡುಗನ ಕೈಗೆ ಸಿಕ್ಕಿದ್ದು ಆ ಪುಟದ ಮೊಬೈಲ್ ಫೋಟೋ ಮಾತ್ರ, ಅದರಲ್ಲಿ ಅಂಚಿನ ಟಿಪ್ಪಣಿ ಕತ್ತರಿಸಿಹೋಗಿತ್ತು. ಅವಳು ಆ ಅಧ್ಯಾಯವನ್ನು ಅಂದೇ ಮೊದಲ ಸಲ ನೋಡುತ್ತಿದ್ದಳು.

ನಿಜವಾದ ಅಂಕಿ 1.8. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500:2012ರ ಪ್ರಕಾರ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ದಾಟಬಾರದು, ಬೇರೆ ನೀರು ಸಿಗದ ಕಡೆ 1.5ರವರೆಗೆ ಒಪ್ಪಬಹುದು. ಅದು ಶಾಲೆಯ ಪಕ್ಕದ ಬಾವಿ. ಹಲ್ಲು ಕಲೆಗಟ್ಟುವುದು, ಮೂಳೆ ಬಿಗಿಯುವುದು ಆ ಸೀಮೆಯವರಿಗೆ ಹೊಸದಲ್ಲ. ಇಂಥ ಕಡೆ ‘ಯೋಗ್ಯ’ ಎಂದು ಅಚ್ಚು ಹಾಕುವ ಮೊದಲು ನಾಲ್ವರೂ ಒಟ್ಟಿಗೆ ಕೂತು ಓದಲೇಬೇಕು ಎಂಬುದು ನನ್ನ ಹಟ.

ಆಮೇಲಿಂದ ನನ್ನ ಬ್ಯಾಚುಗಳಿಗೆ ಮೊದಲೇ ಹೇಳುತ್ತೇನೆ: ಕೋಷ್ಟಕ ಗಟ್ಟಿಯಾಗುವವರೆಗೆ ಅಧ್ಯಾಯ ಹಂಚಬೇಡಿ. ಎಲ್ಲರೂ ತೆರೆಯಬಹುದಾದ ಒಂದೇ ಶೀಟಿನಲ್ಲಿ ಬಾವಿಯ ಗುರುತು, ತಾರೀಖು, ಮಾದರಿ ತಂದವರು, ಯಂತ್ರ ತೋರಿಸಿದ್ದು, ಎಷ್ಟು ಪಟ್ಟು ಡೈಲ್ಯೂಟ್ ಮಾಡಿದ್ದು, ಗುಣಿಸಿದ ಮೇಲೆ ಬಂದದ್ದು, ಎಲ್ಲ ಬೇರೆಬೇರೆ ಕಾಲಮ್ಮಿನಲ್ಲಿರಲಿ. ಪೀಠಿಕೆಯನ್ನೂ ಸಾರಾಂಶವನ್ನೂ ಕಡೆಗೆ ಬರೆಯಿರಿ. ಲಿಟರೇಚರ್ ಸರ್ವೆಗೆ ಇಪ್ಪತ್ತು ಪುಟ ಬೇಡ, ನಿಮ್ಮ ಬಾವಿಗಳಿಗೆ ತಾಗುವ ನಾಲ್ಕು ಅಧ್ಯಯನ ಸಾಕು. ಲ್ಯಾಬ್ ನೋಟ್‌ಬುಕ್ಕಿನ ಪುಟಗಳು ಅಂಚು ಸಮೇತ ಅನುಬಂಧದಲ್ಲಿರಲಿ.

ಪಿಪಿಟಿಯಲ್ಲಿ ನನಗೆ ಮೊದಲು ಬೇಕಾದ್ದು ಬಾವಿಗಳನ್ನು ಗುರುತು ಹಾಕಿದ ನಕ್ಷೆ. ಅಭ್ಯಾಸ ಮಾಡುವಾಗ ಒಬ್ಬರು ಬರೆದ ಭಾಗವನ್ನು ಇನ್ನೊಬ್ಬರು ವಿವರಿಸಿ. ಮಾದರಿಗೆ ಪ್ಲಾಸ್ಟಿಕ್ ಬಾಟಲಿ ಏಕೆ ಎಂದು ಕೇಳಿದರೆ ನಾಲ್ವರಲ್ಲಿ ಯಾರಾದರೂ ಹೇಳುವಂತಿರಬೇಕು. “ಆ ಭಾಗ ಅವನು ಮಾಡಿದ್ದು ಮೇಡಂ” ಎಂಬ ಉತ್ತರ ಬಂದರೆ ನಾನು ಅಲ್ಲೇ ನಿಂತು, ಆ ಭಾಗದ ಲೆಕ್ಕವನ್ನೇ ಮತ್ತೆ ಮಾಡಿಸುತ್ತೇನೆ.