ಪವರ್ ಪ್ರೆಸ್ಸಿನಲ್ಲಿ ಬೆರಳು ಉಳಿಸುವುದು ಹೇಗೆ: ಸೇಫ್ಟಿ ಪಾಠದ ಟಿಪ್ಪಣಿ

ಸೇಫ್ಟಿ ಪಾಠ ಅಂದ ಕೂಡಲೇ ಹೆಲ್ಮೆಟ್, ಗ್ಲೌಸ್, ಗೋಡೆ ಮೇಲಿನ ಪೋಸ್ಟರ್ ನೆನಪಾಗುತ್ತವೆ. ನಾನೂ ಅಲ್ಲಿಂದಲೇ ಓದಲು ಶುರು ಮಾಡಿದ್ದೆ. ಆದರೆ ಒಂದೇ ಮೆಷಿನ್ ಹಿಡಿದು ಓದಿದಾಗ ಪಾಠ ಚೆನ್ನಾಗಿ ಅರ್ಥವಾಯಿತು. ಹಾಗಾಗಿ ಇಲ್ಲಿ ಲೋಹದ ಶೀಟನ್ನು ಒತ್ತಿ ಕತ್ತರಿಸುವ ಪವರ್ ಪ್ರೆಸ್ ಬಗ್ಗೆ ಮಾತ್ರ ಬರೆಯುತ್ತೇನೆ. ಪೀಣ್ಯದ ಕಡೆ ಶೀಟ್ ಮೆಟಲ್ ಕೆಲಸದ ಶೆಡ್‌ಗಳಲ್ಲಿ ಇದನ್ನು ನೋಡಿರುತ್ತೀರಿ.

ಮೋಟರ್ ಫ್ಲೈವೀಲ್ ಅನ್ನುವ ಭಾರದ ಚಕ್ರವನ್ನು ತಿರುಗಿಸುತ್ತಲೇ ಇರುತ್ತದೆ. ಪೆಡಲ್ ಒತ್ತಿದರೆ ಆ ಚಕ್ರವನ್ನು ಪ್ರೆಸ್ಸಿಗೆ ಜೋಡಿಸುವ ಕ್ಲಚ್ ಕೂಡಿಕೊಳ್ಳುತ್ತದೆ, ಮೇಲೆ-ಕೆಳಗೆ ಓಡಾಡುವ ಭಾಗವಾದ ರ‍್ಯಾಮ್ ಇಳಿಯುತ್ತದೆ, ಅದಕ್ಕೆ ಕೂರಿಸಿದ ಪಂಚ್ ಕೆಳಗಿನ ಅಚ್ಚಾದ ಡೈಗೆ ನುಗ್ಗಿ ಪೀಸ್ ಕತ್ತರಿಸುತ್ತದೆ. ಶೀಟ್ ಇಡುವುದು, ಪೀಸ್ ತೆಗೆಯುವುದು ಕೈಯಲ್ಲೇ. ನಿಮಿಷಕ್ಕೆ 10 ಪೀಸ್ ಅಂದುಕೊಳ್ಳಿ. 8 ಗಂಟೆಯಲ್ಲಿ ಕೈ 4,800 ಸಲ ಡೈ ಹತ್ತಿರ ಹೋಗಿ ಬರುತ್ತದೆ. 4,799 ಸಲ ಎಚ್ಚರವಾಗಿದ್ದರೂ ಸಾಲದು! ಆದ್ದರಿಂದ ‘ಹುಷಾರಾಗಿರಿ’ ಅಂತ ಹೇಳಿ ಮುಗಿಸುವ ಸೇಫ್ಟಿಯನ್ನು ನಾನು ಸೇಫ್ಟಿ ಅಂತ ಒಪ್ಪುವುದಿಲ್ಲ. ಯಾರಿಗೂ ದಿನವಿಡೀ ಒಂದೇ ಸಮ ಗಮನ ಇರುವುದಿಲ್ಲ, ಅಲ್ವಾ? ಗಮನ ತಪ್ಪಿದ ಆ ಒಂದು ಸಲವೂ ಕೈ ಡೈ ಒಳಗೆ ಹೋಗಲು ಆಗಬಾರದು.

ಮೊದಲು ಕೇಳಬೇಕಾದ ಪ್ರಶ್ನೆ: ಕ್ಲಚ್ ಯಾವುದು? ಹಳೆಯ ಪ್ರೆಸ್‌ಗಳಲ್ಲಿ ಕೀ ಅನ್ನುವ ಲೋಹದ ತುಂಡಿನಿಂದ ಫ್ಲೈವೀಲಿಗೆ ಕೂಡುವ ಕೀ ಕ್ಲಚ್ ಇರುತ್ತದೆ. ಇದು ಒಮ್ಮೆ ಕೂಡಿಕೊಂಡರೆ ಪೂರ್ತಿ ಒಂದು ಸುತ್ತು ತಿರುಗಿಯೇ ನಿಲ್ಲುವುದು. ನಡುವೆ ನಿಲ್ಲಿಸಲು ಆಗುವುದಿಲ್ಲ. ಕೀ ಸವೆದಿದ್ದರೆ ಅಥವಾ ಸ್ಪ್ರಿಂಗ್ ಮುರಿದಿದ್ದರೆ ಪೆಡಲ್ ಮುಟ್ಟದೆಯೂ ರ‍್ಯಾಮ್ ಇನ್ನೊಮ್ಮೆ ಇಳಿಯಬಹುದು. ಪೀಸ್ ತೆಗೆಯಲು ಕೈ ಒಳಗಿರುವುದು ಸರಿಯಾಗಿ ಆಗಲೇ. ಗಾಳಿ ಒತ್ತಡದ ಫ್ರಿಕ್ಷನ್ ಕ್ಲಚ್ ಇದ್ದರೆ, ಬ್ರೇಕ್ ಹಿಡಿದು ನಡುವೆಯೇ ನಿಲ್ಲಿಸಬಹುದು.

ಲೈಟ್ ಕರ್ಟನ್ ವಿಷಯದಲ್ಲಿ ಈ ವ್ಯತ್ಯಾಸವೇ ಮುಖ್ಯ. ಬೆಳಕಿನ ಪರದೆಗೆ ಕೈ ಅಡ್ಡ ಬಂದರೆ ಅದು ಪ್ರೆಸ್ಸಿಗೆ ‘ನಿಲ್ಲು’ ಅನ್ನುತ್ತದೆ. ಕೀ ಕ್ಲಚ್ ಪ್ರೆಸ್ ಆ ಮಾತು ಕೇಳಲಾರದು. ಅಮೆರಿಕದ ಕೆಲಸದ ಸುರಕ್ಷತಾ ಸಂಸ್ಥೆಯಾದ ಓಶಾದ ನಿಯಮ ಇಂಥ ಪ್ರೆಸ್ಸಿಗೆ ಇದನ್ನು ಬಳಸಲೇಬಾರದು ಅನ್ನುತ್ತದೆ. ನಿಲ್ಲಿಸಬಹುದಾದ ಪ್ರೆಸ್ಸಿನಲ್ಲೂ ಪರದೆಯನ್ನು ಡೈಯಿಂದ ಎಷ್ಟು ದೂರ ಇಡಬೇಕು ಅಂತ ಲೆಕ್ಕ ಹಾಕಬೇಕು. ಕೈಯ ವೇಗ ಸೆಕೆಂಡಿಗೆ 1.6 ಮೀಟರ್ ಅಂತ ಹಿಡಿಯುತ್ತಾರೆ. ಪ್ರೆಸ್ ನಿಲ್ಲಲು 0.2 ಸೆಕೆಂಡ್ ಬೇಕಾದರೆ 1.6 × 0.2 = 0.32 ಮೀಟರ್. ಇದರ ಮೇಲೆ, ಪರದೆಗೆ ಗೊತ್ತಾಗುವ ಮೊದಲು ಬೆರಳು ಅದನ್ನು ದಾಟಿ ಎಷ್ಟು ಒಳಗೆ ಹೋಗಿರಬಹುದೋ ಆ ದೂರವನ್ನೂ ಕೂಡಿಸಬೇಕು. ಬ್ರೇಕ್ ಸವೆದರೆ ಸಮಯ ಜಾಸ್ತಿಯಾಗುತ್ತದೆ, ಆಗ ಹಳೆಯ ದೂರ ಸಾಲುವುದಿಲ್ಲ. ಅದಕ್ಕೇ ನಿಲ್ಲುವ ಸಮಯವನ್ನು ಆಗಾಗ ಅಳೆಯುತ್ತಿರಬೇಕು.

ಕೀ ಕ್ಲಚ್‌ಗೆ ಒಳ್ಳೆಯದು ಡೈ ಸುತ್ತ ಕೂರಿಸುವ ಗಟ್ಟಿ ಗಾರ್ಡ್. ಶೀಟ್ ತೂರುವಷ್ಟೇ ಸಂದು ಬಿಡಬೇಕು. ಓಶಾ ಪಟ್ಟಿ ಪ್ರಕಾರ ಅಪಾಯದ ಜಾಗದಿಂದ ಒಂದೂವರೆ ಇಂಚಿನೊಳಗೆ ಸಂದು ಇದ್ದರೆ ಅದು ಕಾಲು ಇಂಚು ಮೀರಬಾರದು. ಚಿಮಟದಿಂದ ಪೀಸ್ ತೆಗೆಯುವುದು ಒಳ್ಳೆಯ ಅಭ್ಯಾಸವೇ. ಆದರೆ ಚಿಮಟ ಇದೆ ಅಂತ ಗಾರ್ಡ್ ಬಿಚ್ಚಿಡುವಂತಿಲ್ಲ.

ಕೈಗಳೆರಡೂ ಡೈಯಿಂದ ಹೊರಗಿರಲಿ ಅಂತ ಎರಡೂ ಕೈಯಲ್ಲಿ ಒತ್ತುವ ಎರಡು ಬಟನ್ ಇದ್ದರೆ, ಒಂದನ್ನು ಟೇಪ್ ಸುತ್ತಿ ಒತ್ತಿಟ್ಟುಬಿಡುವವರು ಇದ್ದಾರೆ. ಪ್ರತಿ ಸ್ಟ್ರೋಕಿಗೂ ಎರಡನ್ನೂ ಬಿಟ್ಟು ಮತ್ತೆ ಒತ್ತಿದರೆ ಮಾತ್ರ ಓಡುವಂತೆ ಸರ್ಕ್ಯೂಟ್ ಇರಬೇಕು. ಪೆಡಲ್ ಇದ್ದರೆ ಅದರ ಮೇಲೆ ಕವರ್ ಬೇಕು. ಒಂದು ಪೀಸ್ ಜಾರಿ ಪೆಡಲ್ ಮೇಲೆ ಬಿದ್ದರೂ ರ‍್ಯಾಮ್ ಇಳಿದೀತು.

ಡೈ ಬದಲಿಸುವಾಗ ಮೋಟರ್ ಆಫ್ ಮಾಡಿದರೆ ಸಾಲದು, ಫ್ಲೈವೀಲ್ ಇನ್ನೂ ತಿರುಗುತ್ತಿರುತ್ತದೆ. ಅದು ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಮೇನ್ ಸ್ವಿಚ್‌ಗೆ ನಿಮ್ಮದೇ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ರ‍್ಯಾಮ್ ಕೆಳಗೆ ಅದು ಕುಸಿಯದಂತೆ ತಡೆಯುವ ಸೇಫ್ಟಿ ಬ್ಲಾಕ್ ಇಡಿ. ಇಬ್ಬರು ಕೆಲಸ ಮಾಡುತ್ತಿದ್ದರೆ ಎರಡು ಬೀಗ.

ಕಾನೂನಿನ ಭಾಗ ಚಿಕ್ಕದು, ಆದರೆ ನೆನಪಿಡಿ. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ಅಪಾಯದ ಭಾಗಗಳಿಗೆ ಗಟ್ಟಿ ಗಾರ್ಡ್ ಇರಬೇಕು, ಮೆಷಿನ್ ಓಡುವಾಗ ಅದು ಜಾಗದಲ್ಲೇ ಇರಬೇಕು ಅಂದಿತು. ಟ್ರೈನಿಂಗ್‌ಗೆ ಹೋಗುವ ನಮ್ಮಲ್ಲಿ ಕೆಲವರಿಗೆ ಇನ್ನೂ 18 ತುಂಬಿರುವುದಿಲ್ಲ. ಅಂಥವರಿಗೆ ಅಪಾಯವನ್ನು ಪೂರ್ತಿ ವಿವರಿಸದೆ ಇಂಥ ಮೆಷಿನ್‌ನಲ್ಲಿ ನಿಲ್ಲಿಸಬಾರದು ಅಂತ 23ನೇ ಕಲಂ ಹೇಳಿತು. ಈ ಕಾಯ್ದೆಯ ವಿಷಯಗಳನ್ನು ಕೆಲಸದ ಸುರಕ್ಷತೆ, ಆರೋಗ್ಯದ ಬಗೆಗಿನ 2020ರ ಹೊಸ ಕಾರ್ಮಿಕ ಸಂಹಿತೆಗೆ ಸೇರಿಸಿದ್ದಾರೆ.

ಹೊಸ ಶಾಪ್‌ಗೆ ಕಾಲಿಟ್ಟಾಗ ಗಾರ್ಡ್ ಪ್ರೆಸ್ ಮೇಲಿದೆಯೋ ಗೋಡೆಗೆ ಒರಗಿದೆಯೋ ನೋಡಿ. ಒರಗಿದ್ದರೆ ಆಪರೇಟರನ್ನು ಬೈಯಬೇಡಿ. ‘ಇದು ಇದ್ದರೆ ಏನು ತೊಂದರೆ ಅಣ್ಣಾ?’ ಅಂತ ಕೇಳಿ. ಪೀಸ್ ಸಿಕ್ಕಿಕೊಳ್ಳುತ್ತದೆ, ಡೈ ಕಾಣುವುದಿಲ್ಲ, ಪೀಸ್ ಲೆಕ್ಕದ ಕೂಲಿ ಕಮ್ಮಿಯಾಗುತ್ತದೆ ಅಂತ ಹೇಳಿಯಾರು. ಮೊದಲೆರಡಕ್ಕೆ ಗಾರ್ಡ್ ಮಾಡಿದವರು ಉತ್ತರ ಕೊಡಬೇಕು, ಮೂರನೆಯದಕ್ಕೆ ಮಾಲೀಕರು.