ಬಸ್ಸಿನ ಕನ್ನಡಿ ನನಗೆ ಕಾಣುತ್ತಿದ್ದರೆ ಚಾಲಕರಿಗೂ ನಾನು ಕಾಣುತ್ತೇನಲ್ಲವೇ?

ಪ್ರಶ್ನೆ: ನಾನು ದಿನವೂ ಸೈಕಲ್ಲಿನಲ್ಲಿ ಕಚೇರಿಗೆ ಹೋಗುತ್ತೇನೆ. ಸಿಗ್ನಲ್ ಬಿದ್ದಾಗ ಬಸ್ಸು, ಲಾರಿಗಳ ಎಡಗಡೆಯ ಸಂದಿನಲ್ಲಿ ನುಸುಳಿ ಮುಂದೆ ಹೋಗಿ ನಿಲ್ಲುವುದು ರೂಢಿಯಾಗಿದೆ. ಅವುಗಳ ಕನ್ನಡಿ ಕಾಣುವ ಹಾಗೆ ನಿಂತರೆ ಚಾಲಕರಿಗೂ ನಾವು ಕಾಣುತ್ತೇವೆ, ಭಯವಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ಅರ್ಧ ಮಾತ್ರ ಸರಿ. ಬೆಳಕು ಯಾವ ದಾರಿಯಲ್ಲಿ ಹೋಗುತ್ತದೆಯೋ ಅದೇ ದಾರಿಯಲ್ಲಿ ಮರಳಬಲ್ಲದು. ಆದ್ದರಿಂದ ಕನ್ನಡಿಯಲ್ಲಿ ಚಾಲಕರ ಮುಖ ನಿಮಗೆ ಕಾಣುತ್ತಿದ್ದರೆ, ಅವರು ಕನ್ನಡಿಯತ್ತ ಕಣ್ಣು ಹಾಯಿಸಿದಾಗ ನೀವೂ ಅವರಿಗೆ ಕಾಣುತ್ತೀರಿ. ಆದರೆ ಕನ್ನಡಿ ಕಾಣುವುದು ಬೇರೆ, ಕನ್ನಡಿಯೊಳಗೆ ಮುಖ ಕಾಣುವುದು ಬೇರೆ. ನಿಮ್ಮ ಗೆಳೆಯರ ಸೂತ್ರ ಎಡವಿರುವುದು ಇಲ್ಲೇ. ಇದಲ್ಲದೆ ದೊಡ್ಡ ವಾಹನಗಳ ಹೊರಗನ್ನಡಿಗಳು ಸಾಮಾನ್ಯವಾಗಿ ಪೀನ ಕನ್ನಡಿಗಳಾಗಿರುತ್ತವೆ. ಅವು ಹೆಚ್ಚು ಜಾಗವನ್ನು ತೋರಿಸುತ್ತವೆ, ಆದರೆ ಪ್ರತಿಯೊಂದನ್ನೂ ಚಿಕ್ಕದಾಗಿಸಿ, ಇರುವುದಕ್ಕಿಂತ ದೂರದಲ್ಲಿರುವಂತೆ ತೋರಿಸುತ್ತವೆ. ಹಸಿರು ದೀಪ ಬಿದ್ದ ಗಳಿಗೆಯಲ್ಲಿ ಎದುರಿನ ಆಟೋ, ಬಲಕ್ಕೆ ನುಗ್ಗುವ ಸ್ಕೂಟರು, ರಸ್ತೆ ದಾಟುವ ಜನರ ನಡುವೆ ಆ ಚಿಕ್ಕ ಬಿಂಬದ ಪಾಲಿಗೆ ಚಾಲಕರ ಗಮನ ಎಷ್ಟು ಸಿಗುತ್ತದೆ ಎಂಬುದನ್ನು ನೀವೇ ಊಹಿಸಬಹುದು.

ನಮ್ಮ ದೇಶದಲ್ಲಿ ಸಂಚಾರ ಎಡಬದಿಯಲ್ಲಿ, ಚಾಲಕರ ಆಸನ ಬಲಬದಿಯಲ್ಲಿ. ಹಾಗಾಗಿ ಸೈಕಲ್ ಸವಾರರು ಸಾಮಾನ್ಯವಾಗಿ ಇರುವ ಎಡಬದಿಯೇ ಚಾಲಕರ ಕಣ್ಣಿಗೆ ಅತಿ ದೂರದ ಬದಿ. ನಮ್ಮ ಬೀದಿಯಲ್ಲಿ ಮನೆ ಕಟ್ಟುವಾಗ ಎಂ-ಸ್ಯಾಂಡ್ ಸುರಿಯಲು ಬಂದಿದ್ದ ಟಿಪ್ಪರ್ ಒಂದರ ಚಾಲಕರು, ನನ್ನ ಕುತೂಹಲ ನೋಡಿ, ತಮ್ಮ ಸೀಟಿನಲ್ಲಿ ಕೂರಲು ಬಿಟ್ಟರು. ಪಕ್ಕದ ಮನೆಯ ಹುಡುಗ ತನ್ನ ಸೈಕಲ್ ಹಿಡಿದು ಎಡಬಾಗಿಲಿಗೆ ಒತ್ತಿಕೊಂಡಂತೆ ನಿಂತಿದ್ದ. ಎಡಗಿಟಕಿಯಿಂದ ನನಗೆ ಕಂಡದ್ದು ಎದುರುಮನೆಯ ಕಾಂಪೌಂಡಿನ ಮೇಲಂಚು ಮಾತ್ರ. ಹುಡುಗನೂ ಇಲ್ಲ, ಸೈಕಲ್ಲೂ ಇಲ್ಲ. "ಬೆಲ್ ಹೊಡಿ" ಎಂದಾಗ ಕೆಳಗಿನಿಂದ ಸದ್ದು ಬಂತು, ಅಷ್ಟೇ. ಹೀಗೆ ಕಿಟಕಿಗೂ ಕನ್ನಡಿಗೂ ಸಿಗದೆ ಉಳಿಯುವ ಜಾಗವನ್ನೇ ಬ್ಲೈಂಡ್ ಸ್ಪಾಟ್ ಎನ್ನುತ್ತಾರೆ. ಎಡಬಾಗಿಲಿನ ಪಕ್ಕ, ಬಂಪರಿಗೆ ತೀರ ಹತ್ತಿರದ ಮುಂಭಾಗ ಮತ್ತು ವಾಹನದ ಬೆನ್ನ ಹಿಂದೆ ಇಂಥ ಜಾಗಗಳಿರುತ್ತವೆ. ಹಿಂದೆ ಲಾರಿಯ ಎಡಬಾಗಿಲಿನಿಂದ ತಲೆ ಹೊರಹಾಕಿ ದಾರಿ ಹೇಳುವ ಕ್ಲೀನರ್ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತಿದ್ದ. ನಗರದೊಳಗೆ ಓಡುವ ಎಷ್ಟೋ ಟಿಪ್ಪರ್‌ಗಳಲ್ಲಿ ಈಗ ಚಾಲಕರೊಬ್ಬರೇ ಇರುತ್ತಾರೆ.

ಇಷ್ಟಾದರೂ, ಚಾಲಕರು ನಿಮ್ಮನ್ನು ನೋಡಿಯೇ ಇದ್ದಾರೆ ಎಂದಿಟ್ಟುಕೊಳ್ಳೋಣ. ಆಗಲೂ ಎಡಸಂದು ಸುರಕ್ಷಿತವಲ್ಲ, ಏಕೆಂದರೆ ಸ್ಟೀರಿಂಗ್ ತಿರುಗಿಸಿದಾಗ ತಿರುಗುವುದು ಮುಂದಿನ ಚಕ್ರಗಳು ಮಾತ್ರ. ಹಿಂದಿನ ಚಕ್ರಗಳು ಅವುಗಳ ಜಾಡಿನಲ್ಲಿ ಬರದೆ ತಿರುವಿನ ಒಳಬದಿಗೆ ಸರಿದು ಬರುತ್ತವೆ. ಎಷ್ಟು ಸರಿಯುತ್ತವೆ ಎಂಬುದಕ್ಕೆ ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವೇ ಸಾಕು. ಎರಡು ಆಕ್ಸಲ್‌ಗಳ ನಡುವೆ 6 ಮೀಟರ್ ಅಂತರವಿರುವ ಬಸ್ಸಿನ ಮುಂದಿನ ಆಕ್ಸಲ್ 10 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತಿದ್ದರೆ, 100ರಲ್ಲಿ 36 ಕಳೆದು ಉಳಿದ 64ರ ವರ್ಗಮೂಲ, ಅಂದರೆ 8 ಮೀಟರ್, ಹಿಂದಿನ ಆಕ್ಸಲ್ಲಿನ ತ್ರಿಜ್ಯವಾಗುತ್ತದೆ. ಅಲ್ಲಿಗೆ ಹಿಂದಿನ ಚಕ್ರ 2 ಮೀಟರ್ ಒಳಗೆ ಬಂದಂತಾಯಿತು. ರಸ್ತೆಯ ಮೂಲೆಯಲ್ಲಿ ಬಸ್ಸು ಪೂರ್ತಿ ಸುತ್ತು ಹಾಕುವುದಿಲ್ಲವಾದ್ದರಿಂದ ಈ ಸರಿತ ಸ್ವಲ್ಪ ಕಡಿಮೆಯಾಗಬಹುದು. ಆದರೂ ಬಸ್ಸಿಗೂ ಫುಟ್‌ಪಾತಿಗೂ ನಡುವೆ ನೀವು ನಿಂತಿದ್ದ ಸಂದು ಒಂದು, ಒಂದೂವರೆ ಮೀಟರಿನದಾಗಿದ್ದರೆ ಅದು ಇಲ್ಲವಾಗುತ್ತದೆ. ಮುಂದಿನ ಚಕ್ರ ನಿಮ್ಮನ್ನು ದಾಟಿತೆಂದು ನೀವು ನಿರಾಳವಾಗುವ ಹೊತ್ತಿಗೇ ಹೀಗಾಗುವುದು ಇದರ ಕ್ರೌರ್ಯ.

ಇದರೊಂದಿಗೆ ಇನ್ನೊಂದು ಮೋಸವಿದೆ. ಹಿಂದಿನ ಚಕ್ರ ಫುಟ್‌ಪಾತ್ ಹತ್ತಬಾರದೆಂದು ಅನುಭವಿ ಚಾಲಕರು ಎಡಕ್ಕೆ ತಿರುಗುವ ಮೊದಲು ವಾಹನವನ್ನು ಬಲಕ್ಕೆ ಹಿಡಿಯುತ್ತಾರೆ. ಹಿಂದಿನಿಂದ ನೋಡುವವರಿಗೆ ಎಡಗಡೆ ಜಾಗ ತೆರೆದಂತೆ, ನಮಗೆ ದಾರಿ ಬಿಟ್ಟುಕೊಟ್ಟಂತೆ ಕಾಣುತ್ತದೆ. ಇಂಡಿಕೇಟರ್ ಹಾಕಿರಲಿ, ಬಿಡಲಿ, ಮೂಲೆಯ ಹತ್ತಿರ ಬಲಕ್ಕೆ ಸರಿದ ಉದ್ದದ ವಾಹನ ಎಡಕ್ಕೆ ತಿರುಗಲಿದೆ ಎಂದೇ ನಾನು ತಿಳಿಯುತ್ತೇನೆ. ಸುಗ್ಗಿಯ ದಿನಗಳಲ್ಲಿ ಮಂಡ್ಯದ ಕಡೆಯಾಗಲಿ ಬೆಳಗಾವಿಯ ಕಡೆಯಾಗಲಿ ಎರಡೆರಡು ಟ್ರೈಲರ್ ಕಟ್ಟಿಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರ್‌ಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಒಂದೊಂದು ಟ್ರೈಲರೂ ಮುಂದಿನದಕ್ಕಿಂತ ಒಳಗೆ ಸರಿಯುತ್ತದೆ. ಬದಿಗೆ ಚಾಚಿದ ಕಬ್ಬಿನ ನಡುವೆ ಚಾಲಕರಿಗೆ ಹಿಂದಿನದೇನೂ ಕಾಣುವುದಿಲ್ಲ. ಟೇಪ್ ರೆಕಾರ್ಡರಿನ ಅಬ್ಬರದಲ್ಲಿ ನಿಮ್ಮ ಬೆಲ್ಲು ಕೇಳುವ ಮಾತೇ ಇಲ್ಲ.

ನಮ್ಮಂತೆಯೇ ಎಡಬದಿಯ ಸಂಚಾರವಿರುವ ಲಂಡನ್ ನಗರ ಈ ಸಮಸ್ಯೆಯನ್ನು ಕನ್ನಡಿಗಿಂತ ಕಿಟಕಿಯಿಂದ ಬಿಡಿಸಲು ಹೊರಟಿತು. 12 ಟನ್ನಿಗಿಂತ ಭಾರದ ಲಾರಿಗಳಲ್ಲಿ ಚಾಲಕರಿಗೆ ಗಾಜಿನ ಮೂಲಕ ನೇರವಾಗಿ ಎಷ್ಟು ಕಾಣುತ್ತದೆ ಎಂಬುದಕ್ಕೆ ಸೊನ್ನೆಯಿಂದ ಐದರವರೆಗೆ ನಕ್ಷತ್ರಗಳನ್ನು ಕೊಟ್ಟು, 2021ರ ಮಾರ್ಚಿನಿಂದ ಪರವಾನಗಿಯನ್ನು ಕಡ್ಡಾಯವಾಗಿ ಜಾರಿಗೆ ತಂದಿತು. 2024ರ ಅಕ್ಟೋಬರ್ 28ರಿಂದ ಕನಿಷ್ಠ ಮೂರು ನಕ್ಷತ್ರ, ಇಲ್ಲವೇ ಸೆನ್ಸರ್, ಕ್ಯಾಮೆರಾಗಳ ನಿಗದಿತ ವ್ಯವಸ್ಥೆ ಇರಬೇಕೆಂದು ವಿಧಿಸಿತು. ಚಾಲಕರು ತಗ್ಗಿನಲ್ಲಿ ಕೂರುವ, ಗಾಜು ಕೆಳಗಿನವರೆಗೂ ಇಳಿದಿರುವ ನಮ್ಮ ಲೋಫ್ಲೋರ್ ಬಸ್ಸುಗಳಲ್ಲಿ ನೋಟ ಟಿಪ್ಪರಿಗಿಂತ ಉತ್ತಮವಾಗಿರುವುದಕ್ಕೂ ಕಾರಣ ಇದೇ.

ಹಾಗಾದರೆ ಎಲ್ಲಿ ನಿಲ್ಲಬೇಕು? ದೊಡ್ಡ ವಾಹನ ಆಗಲೇ ನಿಂತಿದ್ದರೆ ಅದರ ಹಿಂದೆ, ಕನ್ನಡಿಯಲ್ಲಿ ಚಾಲಕರ ಮುಖ ಕಾಣುವಷ್ಟು ದೂರ ಬಿಟ್ಟು ನಿಲ್ಲಿ. ಮುಖ ಕಾಣದಿದ್ದರೆ ಇನ್ನಷ್ಟು ಹಿಂದೆ ಸರಿಯಿರಿ. ನೀವೇ ಮೊದಲು ಸಿಗ್ನಲ್ ತಲುಪಿದ್ದರೆ ಫುಟ್‌ಪಾತಿಗೆ ಒತ್ತಿಕೊಳ್ಳದೆ ಲೇನಿನ ನಡುವೆ ನಿಲ್ಲಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಹಾರ್ನ್ ಹೊಡೆಯುವವರು ನಿಮ್ಮನ್ನು ನೋಡಿದ್ದಾರೆಂದು ಅರ್ಥ. ಬಸ್ ಸ್ಟಾಪಿನಲ್ಲಿ ನಿಂತ ಬಸ್ಸಿನ ಎಡಗಡೆ ನುಸುಳುವುದಂತೂ ಬೇಡವೇ ಬೇಡ, ಇಳಿಯುವವರ ಕಾಲಿಗೂ ನಿಮ್ಮ ಚಕ್ರಕ್ಕೂ ಅಲ್ಲಿ ಜಾಗವಿರುವುದಿಲ್ಲ.

ಎಷ್ಟು ಎಚ್ಚರವಿದ್ದರೂ ಕೆಲವೊಮ್ಮೆ ಬಸ್ಸೇ ನಿಮ್ಮನ್ನು ಹಿಂದೆ ಹಾಕಿ ಪಕ್ಕಕ್ಕೆ ಬಂದು ತಿರುಗತೊಡಗುತ್ತದೆ. ಆಗ ಜೋರಾಗಿ ತುಳಿದು ಮುಂದೆ ಪಾರಾಗುವ ಆಸೆ ಹುಟ್ಟುತ್ತದೆ. ಬ್ರೇಕ್ ಹಿಡಿದು ಹಿಂದೆ ಉಳಿಯುವುದೇ ಸರಿ. ಅದಕ್ಕೂ ಅವಕಾಶವಿಲ್ಲದೆ ಬಸ್ಸಿನ ಬದಿ ಹತ್ತಿರವಾಗುತ್ತಲೇ ಇದ್ದರೆ ಕೂಗುತ್ತಾ ಸೈಕಲ್ಲನ್ನು ಅಲ್ಲೇ ಬಿಟ್ಟು ಫುಟ್‌ಪಾತ್ ಹತ್ತಿಬಿಡಿ.