ಐಸ್‌ಕ್ರೀಮ್ ಡಬ್ಬಿಯ ಮೇಲಿನ ‘ಲಿಕ್ವಿಡ್ ಗ್ಲೂಕೋಸ್’

ಮಂಗಳೂರಿನಲ್ಲಿ ಐಸ್‌ಕ್ರೀಮ್ ತಿನ್ನಲು ದೊಡ್ಡ ಕಾರಣವೇನೂ ಬೇಕಿಲ್ಲ. ಮನೆಗೆ ನೆಂಟರು ಬಂದರೂ ಆಯಿತು, ಸೆಕೆ ತಡೆಯಲಾಗದಿದ್ದರೂ ಆಯಿತು. ಹಾಗೆ ತಂದ ಫ್ಯಾಮಿಲಿ ಪ್ಯಾಕಿನ ಬದಿಯಲ್ಲಿರುವ ಸಣ್ಣ ಅಕ್ಷರಗಳನ್ನು ಓದಿದರೆ, ಹಾಲು ಮತ್ತು ಸಕ್ಕರೆಯ ನಂತರ ಅನೇಕ ಬಾರಿ ‘ಲಿಕ್ವಿಡ್ ಗ್ಲೂಕೋಸ್’ ಎಂಬ ಹೆಸರು ಸಿಗುತ್ತದೆ. ಅಮೆರಿಕದವರು ಕಾರ್ನ್ ಸಿರಪ್ ಎಂದು ಕರೆಯುವುದು ಹೆಚ್ಚುಕಡಿಮೆ ಇದನ್ನೇ. ಆದರೆ ವಾಟ್ಸ್‌ಆ್ಯಪ್ ಎಚ್ಚರಿಕೆಗಳಲ್ಲಿ ಸುತ್ತುವ ‘ಹೈ ಫ್ರಕ್ಟೋಸ್ ಕಾರ್ನ್ ಸಿರಪ್’ ಇದಲ್ಲ.

ಮೆಕ್ಕೆಜೋಳದ ಪಿಷ್ಟವೆಂದರೆ ಗ್ಲೂಕೋಸ್ ಅಣುಗಳ ಉದ್ದನೆಯ ಸರಪಳಿ. ಪಿಷ್ಟವನ್ನು ಸಲ್ಫ್ಯೂರಿಕ್ ಆಮ್ಲದೊಂದಿಗೆ ಕುದಿಸಿದರೆ ಸಿಹಿ ಪಾಕ ದೊರೆಯುತ್ತದೆಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಿರ್ಚಾಫ್ ಎಂಬ ರಸಾಯನಶಾಸ್ತ್ರಜ್ಞ 1811ರಲ್ಲಿ ತೋರಿಸಿಕೊಟ್ಟ. ಇಂದು ಆ ಕೆಲಸವನ್ನು ಮುಖ್ಯವಾಗಿ ಕಿಣ್ವಗಳು ಮಾಡುತ್ತವೆ. ಸರಪಳಿ ಪೂರ್ತಿ ತುಂಡಾಗದ ಕಾರಣ ಪಾಕದಲ್ಲಿ ಗ್ಲೂಕೋಸ್, ಎರಡು ಗ್ಲೂಕೋಸ್ ಸೇರಿದ ಮಾಲ್ಟೋಸ್‌ಗಳ ಜತೆಗೆ ಇನ್ನೂ ಉದ್ದದ ತುಣುಕುಗಳೂ ಉಳಿಯುತ್ತವೆ. ಅದರ ಸಿಹಿ ಸಕ್ಕರೆಗಿಂತ ಕಡಿಮೆ. ಐಸ್‌ಕ್ರೀಮ್ ತಯಾರಕರಿಗೆ ಬೇಕಾದುದು ಆ ತುಣುಕುಗಳೇ: ಸಕ್ಕರೆ ಹರಳುಗಟ್ಟದಂತೆ, ನೀರು ನಾಲಗೆಗೆ ತಾಗುವಷ್ಟು ದಪ್ಪ ಮಂಜಿನ ಹರಳಾಗದಂತೆ ಅವು ನೋಡಿಕೊಳ್ಳುತ್ತವೆ.

ಈ ಗ್ಲೂಕೋಸಿನ ಒಂದು ಪಾಲನ್ನು ಮತ್ತೊಂದು ಕಿಣ್ವದಿಂದ ಹೆಚ್ಚು ಸಿಹಿಯಾದ ಫ್ರಕ್ಟೋಸ್ ಆಗಿ ಮಾರ್ಪಡಿಸಿದರೆ ಹೈ ಫ್ರಕ್ಟೋಸ್ ಪಾಕ ಸಿದ್ಧವಾಗುತ್ತದೆ. 1957ರಲ್ಲಿ ಅಮೆರಿಕದ ಮಾರ್ಷಲ್ ಮತ್ತು ಕೂಯಿ ಕಂಡುಕೊಂಡ ಈ ಹಾದಿಯನ್ನು 1960ರ ದಶಕದಲ್ಲಿ ಜಪಾನಿನ ತಕಸಾಕಿ ಕಾರ್ಖಾನೆಗೆ ಒಗ್ಗುವಂತೆ ಮಾಡಿದರು. ಅಮೆರಿಕದಲ್ಲಿ ಸಕ್ಕರೆ ಆಮದಿಗೆ ಮಿತಿಯಿದ್ದು ಅದರ ಬೆಲೆ ಏರಿದ್ದರಿಂದ, 1984ರ ಹೊತ್ತಿಗೆ ಅಲ್ಲಿನ ದೊಡ್ಡ ಕೋಲಾ ಕಂಪನಿಗಳು ಶೇ. 55 ಫ್ರಕ್ಟೋಸ್ ಇರುವ ಈ ಪಾಕಕ್ಕೆ ಹೊರಳಿದವು. ಕಬ್ಬು ಹೇರಳವಾಗಿರುವ ನಮ್ಮಲ್ಲಿ ಆ ಅನಿವಾರ್ಯವಿರಲಿಲ್ಲ. ಇಲ್ಲಿನ ಕೋಲಾದ ಸಿಹಿ ಸಕ್ಕರೆಯದೇ.

ಹಾಗೆಂದು ನಿರಾಳವಾಗುವಂತಿಲ್ಲ. ಸಕ್ಕರೆಯೂ ಕರುಳಿನಲ್ಲಿ ಒಡೆದು ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗುತ್ತದೆ; 50ಕ್ಕೂ 55ಕ್ಕೂ ಇರುವ ಅಂತರ ದೇಹದ ಮಟ್ಟಿಗೆ ಅತ್ಯಲ್ಪ. ಜೇನಿನಲ್ಲಿಯೂ ಫ್ರಕ್ಟೋಸ್ ಗ್ಲೂಕೋಸಿಗಿಂತ ತುಸು ಹೆಚ್ಚೇ ಇದೆ ಎನ್ನುವುದನ್ನು ಜೇನಿನ ಭಕ್ತರು ಸಾಮಾನ್ಯವಾಗಿ ಹೇಳುವುದಿಲ್ಲ. ಗ್ಲೂಕೋಸನ್ನು ದೇಹದ ಎಲ್ಲ ಅಂಗಗಳೂ ಬಳಸುತ್ತವೆ, ಆದರೆ ಹೆಚ್ಚು ಫ್ರಕ್ಟೋಸ್ ಒಮ್ಮೆಲೇ ಬಂದರೆ ಅದರ ಬಹುಪಾಲು ಭಾರ ಬೀಳುವುದು ಯಕೃತ್ತಿನ ಮೇಲೆ. ಶಕ್ತಿ ಸಾಕಾದಾಗ ಗ್ಲೂಕೋಸಿನ ವಿಭಜನೆಯನ್ನು ತಡೆದು ನಿಲ್ಲಿಸುವ ಕಿಣ್ವವೊಂದು ಅಲ್ಲಿದೆ. ಟೋಲ್‌ಗೇಟ್ ತಪ್ಪಿಸಿ ಒಳರಸ್ತೆ ಹಿಡಿದ ಲಾರಿಯಂತೆ ಫ್ರಕ್ಟೋಸ್ ಅದರ ಕೈಗೆ ಸಿಗದೆ ಮುಂದೆ ಸಾಗಿ ಕೊಬ್ಬಾಗುತ್ತದೆ, ಯೂರಿಕ್ ಆಮ್ಲವನ್ನೂ ಏರಿಸುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ 10 ವಾರಗಳ ಪ್ರಯೋಗದಲ್ಲಿ, ದಿನದ ಶಕ್ತಿಯ ಕಾಲು ಭಾಗವನ್ನು ಫ್ರಕ್ಟೋಸ್ ಪಾನೀಯದಿಂದ ಪಡೆದವರ ಹೊಟ್ಟೆಯೊಳಗಿನ ಕೊಬ್ಬು, ಅಷ್ಟೇ ಗ್ಲೂಕೋಸ್ ಕುಡಿದವರಿಗಿಂತ ಹೆಚ್ಚು ಬೆಳೆಯಿತು. ಅಷ್ಟೊಂದು ಫ್ರಕ್ಟೋಸನ್ನು ಯಾರೂ ನಿತ್ಯ ಸೇವಿಸುವುದಿಲ್ಲ ಎಂಬ ಆಕ್ಷೇಪವೂ ನ್ಯಾಯವಾದುದೇ.

ನನ್ನ ದೃಷ್ಟಿಯಲ್ಲಿ ಹೆಚ್ಚು ಕಾಳಜಿ ಬೇಕಾದುದು ಕುಡಿಯುವ ಸಿಹಿಯ ಬಗ್ಗೆ. 300 ಮಿಲಿ ಕೋಲಾದಲ್ಲಿ 30 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ, ಆದರೂ ಹೊಟ್ಟೆ ತುಂಬಿತೆನಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ, ಜೇನು ಮತ್ತು ಹಣ್ಣಿನ ರಸದ ಸಿಹಿಯನ್ನೂ ಲೆಕ್ಕಕ್ಕೆ ಹಿಡಿದು, ಇಂತಹ ಸಕ್ಕರೆಗಳು ದಿನದ ಶಕ್ತಿಯ ಶೇ. 10ನ್ನು ಮೀರಬಾರದು, ಶೇ. 5ರೊಳಗಿದ್ದರೆ, ಅಂದರೆ ಸುಮಾರು 25 ಗ್ರಾಂನಲ್ಲಿ ನಿಂತರೆ, ಇನ್ನೂ ಒಳ್ಳೆಯದು ಎಂದಿತು. ಸಕ್ಕರೆ ಸುರಿದ ಪುನರ್ಪುಳಿ ಶರಬತ್ತಾಗಲಿ, ಓಲೆಬೆಲ್ಲದ ಪಾನಕವಾಗಲಿ ಈ ಲೆಕ್ಕದ ಹೊರಗಿಲ್ಲ.

ಮಧುಮೇಹಿಗಳಿಗೆ ಲಿಕ್ವಿಡ್ ಗ್ಲೂಕೋಸ್ ಬೇರೆಯೇ ತೊಡಕನ್ನು ಒಡ್ಡುತ್ತದೆ. ಡಬ್ಬಿಯ ಮೇಲಿನ ‘ಶುಗರ್ಸ್’ ಸಾಲಿನಲ್ಲಿ ಒಂದು ಅಥವಾ ಎರಡು ಘಟಕಗಳ ಸಕ್ಕರೆಗಳು ಮಾತ್ರ ಸೇರುತ್ತವೆ. ಪಾಕದಲ್ಲಿ ಉಳಿದ ಉದ್ದನೆಯ ತುಣುಕುಗಳು ಅಲ್ಲಿ ಕಾಣಿಸದಿದ್ದರೂ ಕರುಳಿನಲ್ಲಿ ಬೇಗನೆ ಗ್ಲೂಕೋಸ್ ಆಗಿ ರಕ್ತ ಸೇರುತ್ತವೆ. ಆದ್ದರಿಂದ ಅವರು ನೋಡಬೇಕಾದುದು ಅದರ ಮೇಲಿನ ಸಾಲು, ಒಟ್ಟು ಕಾರ್ಬೋಹೈಡ್ರೇಟ್. ಎತ್ತರದ ಗ್ಲಾಸಿನಲ್ಲಿ ಜೆಲ್ಲಿ, ಹಣ್ಣು, ಮೂರು ಬಗೆಯ ಐಸ್‌ಕ್ರೀಮ್ ತುಂಬಿಸಿಕೊಂಡು ಮೇಜಿಗೆ ಬರುವ ಗಡ್‌ಬಡ್‌ಗೆ ಅಂತಹ ಸಾಲು ಯಾವುದೂ ಇರುವುದಿಲ್ಲ.